ರಸ್ತೆಯಾಚೆಯ ಖಾಲಾ ಮತ್ತು ನಮ್ಮ ಠಾಣೆಯ ಮಾನ್ಯತೆ

ಪೊಲೀಸ್ ಕೆಲಸಕ್ಕೆ ಸೇರಿದ ಮೇಲೆ ನಾನು ಕಲಿತ ಮೊದಲ ವಿದ್ಯೆ ನೀರು ಕಡಿಮೆ ಕುಡಿಯುವುದು. ಲಾಠಿ ಹಿಡಿಯುವುದು, ಪಂಚನಾಮೆ ಬರೆಯುವುದು ಎಲ್ಲ ಆಮೇಲೆ. ನಮ್ಮ ಠಾಣೆ ಕಟ್ಟಿಸಿದ ಪುಣ್ಯಾತ್ಮರಿಗೆ ಮುಂದೊಂದು ದಿನ ಹೆಂಗಸೊಬ್ಬಳು ಖಾಕಿ ತೊಟ್ಟು ಇದರೊಳಗೆ ಕೂತಾಳು ಎಂಬುದು ಕನಸಿನಲ್ಲೂ ಹೊಳೆದಿರಲಿಲ್ಲ. ಇದ್ದದ್ದು ಒಂದೇ ಪಾಯಖಾನೆ, ಅದೂ ಹಿತ್ತಲಲ್ಲಿ. ಲಾಕಪ್ಪಿನ ಮುಂದೆ ಹಾದೇ ಹೋಗಬೇಕು. ಬಾಗಿಲಿಗೆ ಚಿಲಕವಿಲ್ಲ. ಒಳಗಿದ್ದವರು ಹಾಡು ಹೇಳುತ್ತಿರಬೇಕು; ಹಾಡು ನಿಂತಿತೆಂದರೆ ಖಾಲಿ ಆಯಿತೆಂದು ಅರ್ಥ. ಗಂಡಸರಿಗೆ ಈ ವ್ಯವಸ್ಥೆ ಚೆನ್ನಾಗಿ ಒಗ್ಗಿತ್ತು. ನನಗೆ ಹಾಡು ಬರುವುದಿಲ್ಲ, ಬಂದರೂ ಅಲ್ಲಿ ಹೇಳುವವಳಲ್ಲ.

ಊರಿನ ಹೆಸರು ಬೇಡ. ಸವಣೂರಿಗೂ ಶಿಗ್ಗಾಂವಕ್ಕೂ ನಡುವೆ ಎಲ್ಲೋ ಇದೆ ಎಂದರೆ ಸಾಕು, ಇಲ್ಲವಾದರೆ ನಾಳೆ ಯಾರಾದರೂ ಬಂದು ಪಾಯಖಾನೆ ತೋರಿಸಿ ಎಂದಾರು. ಠಾಣೆಯ ಎದುರಿಗೆ ರಸ್ತೆ, ರಸ್ತೆಯಾಚೆ ವೀಳ್ಯದೆಲೆ ವ್ಯಾಪಾರದವರ ಮನೆ. ಆ ಮನೆಯ ಹಿರಿಯಾಕೆಯನ್ನು ಊರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು. ನಾನು ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ತಡೆಯಲಾರದೆ ರಸ್ತೆ ದಾಟಿ ಹೋಗಿ ಅವರ ಬಾಗಿಲಲ್ಲಿ ನಿಂತಿದ್ದೆ. ಹೇಗೆ ಕೇಳುವುದು ಎಂದು ತೋಚದೆ ಪೊಲೀಸರ ದನಿಯಲ್ಲಿ, "ಯಾರದೀರಿ ಮನ್ಯಾಗ?" ಅಂದೆ. ಖಾಲಾ ನನ್ನ ಮುಖ ನೋಡಿದರು, ಹಿತ್ತಲ ಕಡೆ ಕೈ ತೋರಿಸಿದರು.

"ಮೊದ್ಲ ಹೋಗಿ ಬಾ ಬೇಟಿ. ಆಮ್ಯಾಲೆ ಜೋರು ಮಾಡುವಂತಿ."

ಅಂದಿನಿಂದ ಆ ಮನೆಯ ಬಾಗಿಲು ನನಗೆ ಮುಚ್ಚಿದ್ದೇ ಇಲ್ಲ. ಆದರೆ ಈ ಭಾಗದ ಮನೆಗಳಲ್ಲಿ ಒಳಗೆ ಹೋದವರು ಬಂದ ಕೆಲಸ ಮುಗಿಸಿ ಹಾಗೇ ಹೊರಗೆ ಬರುವುದುಂಟೆ? ಚಹಾ ಆಗಬೇಕು. ಚಹಾದ ಜೊತೆಗೆ ಸವಣೂರು ಖಾರಾ ಆಗಬೇಕು. ಖಾರಾ ತಿಂದ ಮೇಲೆ ನೀರು, ನೀರು ಕುಡಿದ ಮೇಲೆ ಮತ್ತೆ ಹಿತ್ತಲು. ಒಮ್ಮೆ ಹೋದರೆ ಅರ್ಧ ಗಂಟೆ ಗ್ಯಾರಂಟಿ.

ಇದನ್ನು ಊರಿನ ಹೆಂಗಸರು ಬೇಗ ಕಂಡುಕೊಂಡರು. ನಮ್ಮ ಊರಲ್ಲಿ ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಮನೆತನದ ಮಾನ ಇಳಿದಂತೆ. ಕಳ್ಳತನವಾದವರೂ ಹತ್ತುವುದಿಲ್ಲ, ಕಳ್ಳನಂತೂ ಹತ್ತುವುದೇ ಇಲ್ಲ. ಕನ್ಯೆ ನೋಡಲು ಬಂದವರು ಸಹ ಮಾತಿನ ನಡುವೆ, "ನಿಮ್ಮ ಮನ್ಯಾಗ ಯಾರೂ ಸ್ಟೇಷನ್ ಪಾವಟಗಿ ಹತ್ತಿಲ್ಲ ಹೌದಲ್ರಿ?" ಎಂದು ಕೇಳಿಯೇ ತೀರುತ್ತಾರೆ. ಹಾಗಾಗಿ ಕುಡಿದು ಬಡಿಯುವ ಗಂಡ, ಸೀರೆ ಮಾರಿ ಹೋದವನ ಮೋಸ, ಪಕ್ಕದ ಮನೆಯವರ ಮೋರಿ ನೀರು, ಎಲ್ಲ ತಕರಾರೂ ಖಾಲಾನ ಪಡಸಾಲೆಗೆ ಬರತೊಡಗಿದವು. ನಾನು ಚಹಾ ಕುಡಿಯುತ್ತ ಕೇಳುತ್ತಿದ್ದೆ. ಕೆಲವಕ್ಕೆ ಅಲ್ಲೇ ಯಾರನ್ನೋ ಕರೆಸಿ ಬೈದು ಬಗೆಹರಿಸುತ್ತಿದ್ದೆ. ನನಗೆ ಸಿಟ್ಟು ಸ್ವಲ್ಪ ಜಾಸ್ತಿ, ಅದು ಅಲ್ಲಿ ಬಹಳ ಉಪಯೋಗಕ್ಕೆ ಬರುತ್ತಿತ್ತು. ಖಾಲಾ ಎಲೆಗಳನ್ನು ಎಣಿಸಿ ಕವಳೆ ಕಟ್ಟುತ್ತ ನಡುವೆ ಒಂದೊಂದು ಮಾತು ಹಾಕುತ್ತಿದ್ದರು. ಕಡೆಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದರು, "ನಮ್ಮ ಅಜ್ಜನ ಕಾಲದಿಂದ ಈ ಮನ್ಯಾವ್ರು ಒಬ್ರೂ ಎದುರಿಂದು ಪಾವಟಗಿ ಹತ್ತಿಲ್ಲ ನೋಡವಾ."

ನಾನೋ ಠಾಣೆಯ ರೈಟರ್, ಅಂದರೆ ಬರೆಯುವ ಕೆಲಸದವಳು. ಮಹಿಳೆಯರಿಗೊಂದು ಕೊಠಡಿ, ಅದಕ್ಕೆ ಹೊಂದಿಕೊಂಡು ಒಂದು ಶೌಚಾಲಯ ಬೇಕೆಂದು ಪ್ರತಿ ವರ್ಷ ಬಜೆಟ್ ಬೇಡಿಕೆಯಲ್ಲಿ ಬರೆದು ಮೇಲಕ್ಕೆ ಕಳಿಸುತ್ತಿದ್ದೆ. ಪ್ರತಿ ವರ್ಷ ಒಂದೇ ಉತ್ತರ ಬರುತ್ತಿತ್ತು: ಸದರಿ ಠಾಣೆಗೆ ಭೇಟಿ ನೀಡುವ ಮಹಿಳೆಯರ ಸಂಖ್ಯೆ ನಗಣ್ಯ, ಆದ್ದರಿಂದ ಅವಶ್ಯಕತೆ ಕಂಡುಬರುವುದಿಲ್ಲ. ಕೊಠಡಿ ಇಲ್ಲವೆಂದು ಹೆಂಗಸರು ಬರುವುದಿಲ್ಲ, ಹೆಂಗಸರು ಬರುವುದಿಲ್ಲವೆಂದು ಕೊಠಡಿ ಇಲ್ಲ. ನಗಣ್ಯ ಎಂಬ ಪದ ಓದಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಆ ನಗಣ್ಯದೊಳಗೆ ದಿನವಿಡೀ ಗಂಟಲು ಒಣಗಿಸಿಕೊಂಡು ಕೂತ ನಾನೂ ಒಬ್ಬಳಲ್ಲವೆ?

ಹೀಗಿರುವಾಗ ಹಿರೇಕೆರೂರು ಕಡೆಯ ತರುಣರೊಬ್ಬರು ನಮಗೆ ಪಿಎಸ್‌ಐ ಆಗಿ ಬಂದರು. ಸಾಹೇಬರಿಗೆ ಹೊಸ ಹುರುಪು. ಬಂದ ವಾರದಲ್ಲೇ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ನಮ್ಮ ಠಾಣೆಗೆ ಮಾನ್ಯತೆ ತರಬೇಕು ಎಂದರು. ಹೊರಗಿನ ಸಂಸ್ಥೆಯವರು ಬಂದು ಠಾಣೆಯ ಕೆಲಸ ಅಳೆದು ನೋಡುತ್ತಾರಂತೆ. ಬಂದವರನ್ನು ಎಷ್ಟು ಹೊತ್ತು ಕಾಯಿಸುತ್ತೀರಿ, ದೂರಿಗೆ ಸ್ವೀಕೃತಿ ಚೀಟಿ ಕೊಡುತ್ತೀರೋ ಇಲ್ಲವೋ, ಯಾವ ಕೆಲಸಕ್ಕೆ ಎಷ್ಟು ಜನ, ಎಷ್ಟು ಡೀಸೆಲ್ಲು, ಎಲ್ಲ. ಪಾಸಾದರೆ ಪ್ರಮಾಣಪತ್ರ.

"ಅದರಿಂದ ನಮಗೇನ್ರಿ ಸಾಹೇಬ್ರ?" ಎಂದು ಕೇಳಿದವರು ನಮ್ಮ ಹಿರಿಯ ಹವಾಲ್ದಾರರು. ಹಾನಗಲ್ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು, ಹೊಸತೇನು ಬಂದರೂ ಅನುಮಾನದಿಂದ ನೋಡುವವರು.

"ಇಲ್ಲೀತನಕ ನಾವು ಬಜೆಟ್ಟಿನಾಗ ಕೇಳೋದು ಹೆಂಗಿತ್ತು? ಕೊಡ್ರಿ ಅಂತ ಕೈ ಚಾಚೋದು. ಇನ್ನ ಹಂಗಲ್ಲ. ಕೆಲಸಾ ಅಳದು ತೋರಿಸೋದು, ಇಷ್ಟು ಕೆಲಸಕ್ಕ ಇಷ್ಟು ಬೇಕು ಅಂತ ಕೇಳೋದು. ಹೊರಗಿನವ್ರು ಹೌದು ಅಂದ್ರ ಮ್ಯಾಲಿನವ್ರು ಇಲ್ಲ ಅನ್ನಾಕ ಬರೂದಿಲ್ಲ. ಆದ್ರ ಒಂದು ನೆನಪಿಡ್ರಿ, ಬರದದ್ದಷ್ಟ ಆದಂಗ. ಬರೀಲಿಲ್ಲಂದ್ರ ಆಗೇ ಇಲ್ಲ."

ಹವಾಲ್ದಾರರ ಮುಖ ಸಣ್ಣದಾಯಿತು. "ಹಂಗಾರ ನಾನು ಇಷ್ಟು ವರ್ಷ ನೌಕರಿ ಮಾಡೇ ಇಲ್ಲೇನ್ರಿ?"

ನನಗೆ ಮಾತ್ರ ಆ ದಿನ ಸಾಹೇಬರು ದೇವರಂತೆ ಕಂಡರು. ಹೆಂಗಸರ ಕೊಠಡಿಯನ್ನೂ ಬೇಡಿಕೆಯಲ್ಲಿ ಸೇರಿಸೋಣ ಎಂದಾಗ ಅವರು ಕೂಡಲೇ ಒಪ್ಪಿದರು. ಅಂದು ನಾನು ಎರಡು ಪಾಳಿಯ ಕೆಲಸ ಒಂದೇ ಪಾಳಿಯಲ್ಲಿ ಮಾಡಿದೆ.

ತಯಾರಿ ಜೋರಾಗಿ ನಡೆಯಿತು. ಗೋಡೆಗೆ ಸುಣ್ಣ, ಕುರ್ಚಿಗೆ ಹೊಸ ಪ್ಲಾಸ್ಟಿಕ್ ವೈರು, ಬಾಗಿಲಲ್ಲಿ 'ಸುಸ್ವಾಗತ'. ಹೈವೇ ಬದಿಯ ನರ್ಸರಿಯವನಿಂದ ಹೂಕುಂಡಗಳು ಬಾಡಿಗೆಗೆ ಬಂದವು. ಆ ಕುಂಡಗಳು ಸುತ್ತಲಿನ ಕಾಲೇಜಿಗೆ ಕಮಿಟಿ ಬಂದಾಗ ಕಾಲೇಜಿನ ಮುಂದೆ, ಮಂತ್ರಿಗಳು ಬಂದಾಗ ಪ್ರವಾಸಿ ಮಂದಿರದ ಮುಂದೆ ನಿಂತು ಅನುಭವ ಪಡೆದಂಥವು. ಹವಾಲ್ದಾರರು ಅವುಗಳನ್ನು ನೋಡಿ, "ಇವಕ್ಕ ನಮಗಿಂತ ಸರ್ವೀಸ್ ಜಾಸ್ತಿ ಆಗೈತಿ ಬಿಡ್ರಿ" ಎಂದರು.

ಸಾಹೇಬರು ಮಾಡಿದ ಒಂದೇ ಒಂದು ತಪ್ಪೆಂದರೆ ಶಾಂತಿ ಸಭೆ ಕರೆದದ್ದು. ಹಬ್ಬಕ್ಕೆ ಮುಂಚೆ ಮಠದವರು, ಮಸೀದಿಯವರು, ಅಂಗಡಿಕಾರರು, ರೈತರು ಎಲ್ಲರನ್ನೂ ಕೂರಿಸಿ ಮಾತಾಡುವ ರೂಢಿ ನಮ್ಮಲ್ಲಿ ಇದೆ. ಹಾಗೆ ಕೂರಿಸಿ ಸಾಹೇಬರು, "ಹೊರಗಿನವ್ರು ನಮ್ಮ ಠಾಣೆ ನೋಡಾಕ ಬರ್ತಾರ. ಊರಿನ ಮರ್ಯಾದಿ ಪ್ರಶ್ನೆ. ನೀವೆಲ್ಲಾ ಸಹಕಾರ ಕೊಡಬೇಕು" ಎಂದರು. ಹಿರಿಯರು ತಲೆಯಾಡಿಸಿದರು. ಒಬ್ಬ ಹಿರಿಯರು ಎದೆ ಮುಟ್ಟಿಕೊಂಡು, "ನೀವು ಏನೂ ಕಾಳಜಿ ಮಾಡಬ್ಯಾಡ್ರಿ, ನಮಗ ಬಿಡ್ರಿ" ಎಂದರು. ನಮಗೆಲ್ಲ ಸಮಾಧಾನವಾಯಿತು.

ಈ ಊರವರಿಗೆ ಒಳ್ಳೆಯ ಪೊಲೀಸ್ ಠಾಣೆ ಎಂದರೆ ಯಾವುದು? ಯಾರೂ ಹೋಗಬೇಕಾಗಿ ಬರದ ಠಾಣೆ. ಅವರು ಅದಕ್ಕೆ ತಕ್ಕಂತೆ ಸಹಕಾರ ಕೊಟ್ಟರು. ಆ ಮಂದಿ ಬಂದು ಹೋಗುವವರೆಗೆ ಯಾರೂ ಜಗಳಾಡಬಾರದು, ಆಡಿದರೂ ಠಾಣೆ ಕಡೆ ತಲೆ ಹಾಕಬಾರದು ಎಂದು ಓಣಿ ಓಣಿಗೆ ಹೇಳಿ ಕಳಿಸಿದರು. ಹೊಲದ ಬದುವಿನ ಸಲುವಾಗಿ ವಾರಕ್ಕೊಮ್ಮೆಯಾದರೂ ಕೈ ಕೈ ಮಿಲಾಯಿಸುತ್ತಿದ್ದ ಅಣ್ಣತಮ್ಮಂದಿರು ಒಂದೇ ಬೈಕಿನ ಮೇಲೆ ಸಂತೆಗೆ ಹೋದರು. ಕುಡಿದು ಬಂದು ನಮ್ಮ ಬೆಂಚಿನ ಮೇಲೆ ಮಲಗುತ್ತಿದ್ದ ಒಬ್ಬ ಕಾಯಂ ಗಿರಾಕಿಯನ್ನು ಅವನ ಮನೆಯವರೇ ಬಂಕಾಪುರದ ಬೀಗರ ಮನೆಗೆ ಸಾಗಿಸಿದರು. ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ತಯಾರಿಯ ಗಡಿಬಿಡಿಯಲ್ಲಿ ನಾನೂ ಆ ವಾರ ಖಾಲಾನ ಹಿತ್ತಲಿಗೆ ಹೋದವಳು ಪಡಸಾಲೆಯಲ್ಲಿ ಕೂರದೆ ಓಡಿ ಬರುತ್ತಿದ್ದೆ.

ಪರೀಕ್ಷೆಯ ದಿನ ಬೆಂಗಳೂರಿನಿಂದ ಒಬ್ಬ ಮೇಡಮ್ ಬಂದರು. ಕನ್ನಡಕ, ಕೈಯಲ್ಲಿ ಟ್ಯಾಬ್, ಮಾತು ಮೆತ್ತಗೆ. ಬಾಗಿಲ ಬಳಿ ಕುಂಡಗಳನ್ನು ನೋಡಿ ನಿಂತು, "ಈ ಕ್ರೋಟನ್ ಗಿಡಗಳನ್ನು ಎಲ್ಲೋ ನೋಡಿದ ಹಾಗಿದೆಯಲ್ಲ" ಎಂದರು. ಸಾಹೇಬರು ಕೆಮ್ಮಿದರು. ಮೇಡಮ್ ಒಳಗೆ ಬಂದು ರಿಸೆಪ್ಷನ್ ಪಕ್ಕ ಕೂತರು. ಬರುವ ಜನರನ್ನು ನಾವು ಹೇಗೆ ಮಾತಾಡಿಸುತ್ತೇವೆ, ಎಷ್ಟು ಹೊತ್ತಿಗೆ ಸ್ವೀಕೃತಿ ಕೊಡುತ್ತೇವೆ ಎಂದು ಅವರು ಕಣ್ಣಾರೆ ನೋಡಬೇಕಿತ್ತು.

ಯಾರೂ ಬರಲಿಲ್ಲ.

ಫೋನೂ ಬರಲಿಲ್ಲ. ಮೇಡಮ್‌ಗೆ ಚಹಾ ಕೊಟ್ಟೆವು. ಗಿರ್ಮಿಟ್ ತರಿಸಿದೆವು, ಮಿರ್ಚಿ ತರಿಸಿದೆವು, ಮತ್ತೆ ಚಹಾ. ಆಗಲೂ ಯಾರೂ ಇಲ್ಲ. ಮೇಡಮ್ ಮೆಲ್ಲಗೆ, "ದಿನಾ ಹೀಗೇನಾ? ಹೀಗಿದ್ದರೆ ಇಷ್ಟು ಸಿಬ್ಬಂದಿ, ಇನ್ನೊಂದು ಕೊಠಡಿ ಯಾಕೆ ಬೇಕು?" ಎಂದರು. ಸಾಹೇಬರ ಕಾಲರ್ ಒದ್ದೆಯಾಯಿತು. ಕೊಠಡಿ ಹೋಗಲಿ, ಇದ್ದದ್ದನ್ನೂ ಕಿತ್ತುಕೊಳ್ಳುವ ಹಾಗಿತ್ತು.

ಹವಾಲ್ದಾರರು ಮೆಲ್ಲಗೆ ಎದ್ದು ಹೊರಗೆ ಹೋದರು. ಕಿಟಕಿಯಿಂದ ನನಗೆ ಎಲ್ಲ ಕೇಳುತ್ತಿತ್ತು. ಚಹಾದಂಗಡಿಯವನನ್ನು ಹಿಡಿದುಕೊಂಡಿದ್ದರು.

"ಏನಾರ ಕಳಕೊಂಡಿಯೇನೋ?"

"ಏನೂ ಇಲ್ರಿ, ನಿಮ್ಮ ಆಶೀರ್ವಾದ."

"ಯಾರರ ಬೈದಾರೇನು?"

"ಛೇ ಛೇ, ಯಾಕ ಬೈತಾರ್ರಿ?"

"ಲೇ, ನೆನಪು ಮಾಡಿಕೊಳ್ಳೋ! ಹೋದ ತಿಂಗಳ ನಿನ್ನ ಸೈಕಲ್ ಹೋಗಿತ್ತಲ್ಲ?"

"ಅದು ಸಿಕ್ಕೈತಿ ಬಿಡ್ರಿ. ಹೋದ್ರೂ ಹೋಗ್ಲಿ, ಊರಿನ ಮರ್ಯಾದಿ ದೊಡ್ಡದು. ನಾವು ಮಾತು ಕೊಟ್ಟೇವಿ."

ಹವಾಲ್ದಾರರು ಸೋತು ಒಳಗೆ ಬಂದರು. ಅಷ್ಟರಲ್ಲಿ ಮೇಡಮ್ ಟ್ಯಾಬ್ ಕೆಳಗಿಟ್ಟು ನನ್ನ ಕಡೆ ಬಾಗಿ, ತೀರ ಮೆಲ್ಲಗೆ, "ವಾಶ್‌ರೂಮ್ ಎಲ್ಲಿದೆ?" ಎಂದು ಕೇಳಿದರು. ಎರಡು ಕಪ್ಪು ಚಹಾ ತನ್ನ ಕೆಲಸ ಮಾಡಿತ್ತು.

"ರಸ್ತಾ ದಾಟಬೇಕ್ರಿ ಮೇಡಮ್" ಎಂದೆ.

ಅವರು ತಮಾಷೆ ಎಂದುಕೊಂಡರು. ಹಿತ್ತಲಿನದನ್ನು ತೋರಿಸಿದೆ. ಅಲ್ಲಿಂದ ಹವಾಲ್ದಾರರ ಹಳೆಯ ಭಾವಗೀತೆ ಕೇಳಿಸುತ್ತಿತ್ತು. ಸೋಲಿನ ನೋವಿಗೋ ಏನೋ ಅವರು ಅಲ್ಲಿಗೆ ಹೋಗಿ ಸೇರಿದ್ದರು. ಮೇಡಮ್ ನನ್ನ ಹಿಂದೆ ರಸ್ತೆ ದಾಟಿದರು.

ಖಾಲಾನ ಪಡಸಾಲೆಗೆ ಕಾಲಿಟ್ಟ ಕೂಡಲೇ ನನಗೇ ದಂಗು ಬಡಿಯಿತು. ಕಾಲಿಡಲು ಜಾಗವಿಲ್ಲ. ಠಾಣೆಯ ಕಡೆ ತಲೆ ಹಾಕಬಾರದು ಎಂದು ವಾರದಿಂದ ಬಾಯಿ ಕಟ್ಟಿಕೊಂಡಿದ್ದ ಊರಿನ ಅಷ್ಟೂ ಹೆಣ್ಣುಮಕ್ಕಳು ಅಲ್ಲಿ ಬಂದು ಕೂತಿದ್ದರು. ಅವರ ಲೆಕ್ಕದಲ್ಲಿ ಅದು ಠಾಣೆಯಲ್ಲವಲ್ಲ. ಬೆಳಗಿನಿಂದ ನಾನು ಕಾಣದೆ ಕಾದು ಕಾದು ಸಿಟ್ಟಿಗೆದ್ದಿದ್ದರು. ನಾನು ಕಂಡದ್ದೇ ತಡ, ಒಬ್ಬಾಕೆ ಗಂಡನ ವಿಷಯ ತೆಗೆದಳು, ಮತ್ತೊಬ್ಬಾಕೆ ಚೀಟಿ ನಡೆಸುವವಳು ಓಡಿಹೋದ ಕತೆ ಹೇಳಿದಳು, ಮೂಲೆಯಲ್ಲಿದ್ದ ಹುಡುಗಿ ಮೊಬೈಲಿನಲ್ಲಿ ಯಾವನೋ ಕಳಿಸಿದ ಮೆಸೇಜು ತೋರಿಸಿ ಅಳತೊಡಗಿದಳು.

"ತಡೀರೇ, ಮೊದ್ಲ ಇವರು ಹೋಗಿ ಬರ್ಲಿ" ಎಂದು ಖಾಲಾ ಮೇಡಮ್‌ಗೆ ಹಿತ್ತಲ ಕಡೆ ಕೈ ತೋರಿಸಿದರು. ನನಗೆ ಮೊದಲ ದಿನ ತೋರಿಸಿದ್ದೂ ಹಾಗೇ.

ಹೊರಗೆ ಬಂದ ಮೇಡಮ್‌ಗೆ ಚಹಾ ತಪ್ಪಲಿಲ್ಲ. ಅವರು ಚಾಪೆಯ ಮೇಲೆ ಕೂತು ಒಬ್ಬೊಬ್ಬರ ಮಾತನ್ನೂ ಕೇಳಿದರು. ಕಡೆಗೆ ಖಾಲಾನನ್ನು ಕೇಳಿದರು, "ಇವರೆಲ್ಲ ಎದುರಿಗೇ ಇರುವ ಠಾಣೆಗೆ ಹೋಗದೆ ನಿಮ್ಮ ಮನೆಗೆ ಯಾಕೆ ಬರುತ್ತಾರೆ?"

"ಈ ಪೊಲೀಸ್ ಹುಡುಗಿ ದಿನಾ ಇಲ್ಲಿ ಬರ್ತಾಳಲ್ರಿ, ಅದಕ್ಕ ಇವರೂ ಬರ್ತಾರ."

"ಇವರು ದಿನಾ ಯಾಕೆ ಬರುತ್ತಾರೆ?"

"ನೀವು ಯಾಕ ಬಂದ್ರಿ? ಅದಕ್ಕ."

ಮೇಡಮ್ ಮೊದಲ ಸಲ ಗಟ್ಟಿಯಾಗಿ ನಕ್ಕರು. ಆಮೇಲೆ ಟ್ಯಾಬ್ ತೆಗೆದು ಬಹಳ ಹೊತ್ತು ಬರೆದರು. ಖಾಲಾ ಕೊಟ್ಟ ಎಲೆ ಅಡಿಕೆಯನ್ನು ಬಾಯಲ್ಲಿಟ್ಟುಕೊಂಡೇ ರಸ್ತೆ ದಾಟಿ ಬಂದು, ಈ ಠಾಣೆಯ ಕೆಲಸದ ದೊಡ್ಡ ಪಾಲು ಠಾಣೆಯ ಹೊರಗೆ ನಡೆಯುತ್ತಿದೆ, ಅದು ಲೆಕ್ಕಕ್ಕೇ ಬರುತ್ತಿಲ್ಲ, ಮೊದಲು ಮಹಿಳೆಯರ ಕೊಠಡಿ ಆಗಬೇಕು ಎಂದು ಸಾಹೇಬರಿಗೆ ಹೇಳಿದರು. ಮಾನ್ಯತೆ ಸಿಕ್ಕಿತು, ಒಂದು ಷರತ್ತಿನ ಮೇಲೆ. ಕೊಠಡಿ ಕಟ್ಟಿದ ಮೇಲೆ ಅದು ಬಳಕೆಯಾಗುತ್ತಿದೆ ಎಂದು ತೋರಿಸಬೇಕು.

ಮುಂದಿನ ಬಜೆಟ್ಟಿನಲ್ಲಿ 'ನಗಣ್ಯ' ಎಂಬ ಪದ ಬರಲಿಲ್ಲ. ದುಡ್ಡು ಬಂತು. ಕೊಠಡಿ ಎದ್ದಿತು. ಬಿಳಿ ಟೈಲ್ಸ್, ನಲ್ಲಿ, ಒಳಗಿನಿಂದ ಹಾಕುವ ಗಟ್ಟಿ ಚಿಲಕ. ಬೀಗದ ಕೈ ನನ್ನ ಕೈಗೆ ಬಂದ ದಿನ ನಾನು ಒಂದು ತಂಬಿಗೆ ನೀರು ಗಟಗಟನೆ ಕುಡಿದೆ. ಅಷ್ಟು ರುಚಿಯಾದ ನೀರನ್ನು ಅದಕ್ಕೆ ಮುಂಚೆ ನಾನು ಕುಡಿದದ್ದಿಲ್ಲ. ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿದೆ. ಕಣ್ಣಲ್ಲಿ ನೀರು ಬಂತು ಎಂದರೆ ನಗುತ್ತೀರಿ, ಆದರೂ ಬಂತು.

ಆದರೆ ಹೆಂಗಸರು ಬರಲಿಲ್ಲ. ಕೊಠಡಿಗೆ ಹೋಗಬೇಕಾದರೂ ಅದೇ ಮೆಟ್ಟಿಲು ಹತ್ತಬೇಕಲ್ಲ. ತಿಂಗಳು ತಿಂಗಳು ಕಳಿಸುವ ವರದಿಯಲ್ಲಿ, ಕೊಠಡಿ ಬಳಸಿದ ಮಹಿಳೆಯರು ಎಂಬಲ್ಲಿ ನಾನು ಸೊನ್ನೆ ಬರೆಯಬೇಕಾಯಿತು. ಸಿಬ್ಬಂದಿಯನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಮೇಡಮ್ ಮತ್ತೆ ಬರುವ ದಿನ ಹತ್ತಿರವಾಗುತ್ತಿತ್ತು. ಹವಾಲ್ದಾರರು ಆಗಲೇ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ಜಪ್ತಿ ಮಾಡಿದ ಬೈಕಿನ ಸಾಮಾನು ಮಳ್ಯಾಗ ತೋಯಾಕತ್ತಾವು, ಇಲ್ಲಿ ಇಟ್ರ ಹೆಂಗ?" ಎನ್ನತೊಡಗಿದ್ದರು. ನಾನು ಅವರನ್ನು ನೋಡಿದ ನೋಟಕ್ಕೆ ಅವರು ಎರಡು ದಿನ ನನ್ನ ಎದುರಿಗೆ ಬರಲಿಲ್ಲ. ಆದರೂ ಒಳಗೊಳಗೆ ಭಯವಿತ್ತು. ಬಳಕೆಯಿಲ್ಲದ ಕೊಠಡಿಯನ್ನು ಎಷ್ಟು ದಿನ ಕಾಯಲಾದೀತು?

ಈ ಗಡಿಬಿಡಿಯಲ್ಲಿ, ಮಾನ್ಯತೆಯವರು ಹೇಳಿದ ಹೊಸ ಹೊಸ ರಿಜಿಸ್ಟರುಗಳ ನಡುವೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ರಸ್ತೆ ದಾಟುವ ಅಗತ್ಯವೂ ಇರಲಿಲ್ಲ.

ಒಂದು ಬೆಳಗ್ಗೆ ಬರೆಯುತ್ತ ಕೂತಿದ್ದಾಗ ಹೊರಗೆ ಹವಾಲ್ದಾರರ ದನಿ ಬದಲಾಯಿತು. "ಅರೇ! ಬರ್ರಿ, ಬರ್ರಿ, ಸಾವಕಾಶ" ಎನ್ನುತ್ತಿದ್ದರು. ತಲೆ ಎತ್ತಿದರೆ ಖಾಲಾ. ಬುರ್ಖಾ ತೊಟ್ಟು, ಒಂದೊಂದೇ ಮೆಟ್ಟಿಲಿಗೆ ನಿಂತು ಉಸಿರು ತೆಗೆದುಕೊಳ್ಳುತ್ತ ಹತ್ತುತ್ತಿದ್ದರು. ಅವರ ಹಿಂದೆ, ರಸ್ತೆಯಾಚೆಯ ಕಟ್ಟೆಯ ಮೇಲೆ, ಪಡಸಾಲೆಯ ಹೆಂಗಸರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಅಜ್ಜನ ಕಾಲದಿಂದ ಕಾಪಾಡಿಕೊಂಡು ಬಂದ ಮಾತು ಕಣ್ಣೆದುರೇ ಮುರಿಯುತ್ತಿತ್ತು.

ಸಾಹೇಬರು ಕುರ್ಚಿಯಿಂದ ಹಾರಿ ಬಂದರು. ಖಾಲಾನನ್ನು ಹೊಸ ಕೊಠಡಿಗೇ ಕರೆದೊಯ್ದು ಕೂರಿಸಿ, ನೀರು ಕೊಡಿಸಿ, ಗಡಿಯಾರ ನೋಡಿಕೊಂಡರು. ನನಗೆ ಪೆನ್ನು ಹಿಡಿಯಲು ಸನ್ನೆ ಮಾಡಿದರು.

"ಏನು ಕಂಪ್ಲೇಂಟ್ ರಿ?"

"ಒಬ್ಬಾಕಿ ಕಾಣವಲ್ಲಳು ಸಾಹೇಬ" ಎಂದರು ಖಾಲಾ. ನನ್ನ ಕಡೆ ನೋಡಲಿಲ್ಲ. "ದಿನಾ ನಮ್ಮ ಮನಿಗೆ ಬರ್ತಿದ್ಲು. ಈಗ ಭಾಳ ದಿವಸಾತು."

ಸಾಹೇಬರು ಗಂಭೀರರಾದರು. "ಹೆಂಗದಾಳ್ರಿ ನೋಡಾಕ?"

"ಎತ್ತರ ಅದಾಳ. ಮೈಮ್ಯಾಲೆ ಖಾಕಿ ಇರ್ತದ. ಚಹಾಕ್ಕ ಸಕ್ರಿ ಕಡಿಮಿ. ಸಿಟ್ಟು ಭಾಳ."

ನಾನು ರೂಢಿಯಂತೆ ಬರೆಯುತ್ತ ಹೋಗಿದ್ದೆ. 'ಸಿಟ್ಟು ಬಹಳ' ಎಂದು ಬರೆದ ಮೇಲೆ ಕೈ ನಿಂತಿತು. ಸಾಹೇಬರು ನನ್ನನ್ನು ನೋಡಿದರು, ಹವಾಲ್ದಾರರು ಗೋಡೆ ನೋಡಿದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು. ನಾನು ಹೋದದ್ದು ಹಿತ್ತಲಿಗಾಗಿ ಎಂದು ನಾನು ಎಣಿಸಿದ್ದೆ. ಅವರು ಚಹಾ ಇಟ್ಟುಕೊಂಡು ನನಗಾಗಿ ಕಾಯುತ್ತಿದ್ದರು.

"ಬರೀ ಮತ್ತ" ಎಂದರು ಖಾಲಾ ನನಗೆ. "ಬರೀಲಿಲ್ಲಂದ್ರ ಆಗೇ ಇಲ್ಲ ಅಂತ ಸಾಹೇಬ್ರು ಅಂದದ್ದು ನೀನ ಬಂದು ಹೇಳಿದ್ದಿಯಲ್ಲಾ."

ಬರೆದೆ. ನಿಯಮದಂತೆ ಸ್ವೀಕೃತಿ ಹರಿದು ಕೊಟ್ಟೆ. ಖಾಲಾ ಅದನ್ನು ಮಡಿಸಿ ಎಲೆಯ ಚೀಲದೊಳಗೆ ಇಟ್ಟುಕೊಂಡರು. ಆಮೇಲೆ ಎದ್ದು ಶೌಚಾಲಯ ಹೊಕ್ಕು, ಚಿಲಕ ಹಾಕಿ, ನಲ್ಲಿ ಬಿಟ್ಟು, ಹೊರಗೆ ಬಂದು ತೀರ್ಪು ಕೊಟ್ಟರು. "ಚಲೋ ಐತಿ. ನೀರಿನ ಧಾರಿ ಸಣ್ಣದು. ನಮ್ಮದ ಚಲೋ."

ವರದಿಯ ಸೊನ್ನೆ ಅಂದು ಅಳಿಯಿತು. ಮರುದಿನದಿಂದ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಶುರುವಾಯಿತು. ಖಾಲಾ ಹತ್ತಿದ ಮೇಲೆ ಇನ್ನಾರಿಗೆ ಎಂಥ ಮಾನ? ಮೇಡಮ್ ಮತ್ತೆ ಬಂದಾಗ ಅವರಿಗೇ ಕೂರಲು ಕುರ್ಚಿ ಸಿಗಲಿಲ್ಲ. ಹವಾಲ್ದಾರರ ಬೈಕಿನ ಸಾಮಾನು ಇಂದಿಗೂ ಮಳೆಯಲ್ಲೇ ಇದೆ.

ಇದೆಲ್ಲ ಆಮೇಲಿನ ಮಾತು. ದೂರು ಬಂದ ಆ ದಿನ ಸಂಜೆ ಡ್ಯೂಟಿ ಮುಗಿದ ಕೂಡಲೇ ನಾನು ಹೊಸ ಕೊಠಡಿಗೆ ಹೋಗಿ ಬಂದು, ಚಿಲಕ ಸರಿಯಾಗಿ ಹಾಕಿ, ರಸ್ತೆ ದಾಟಿದೆ. ಪಡಸಾಲೆಯಲ್ಲಿ ಖಾಲಾ ಒಬ್ಬರೇ ಕೂತಿದ್ದರು, ಪಕ್ಕದಲ್ಲಿ ಎರಡು ಕಪ್ಪು. ನನ್ನನ್ನು ಕಂಡು ರೂಢಿಯಂತೆ ಹಿತ್ತಲ ಕಡೆ ಕೈ ತೋರಿಸಿದರು.

"ಬ್ಯಾಡ ಖಾಲಾ" ಅಂದೆ. "ಸುಮ್ನ ಬಂದೇನಿ."